ನೆಲ ಮುಗಿಯುವಲ್ಲಿ ಹೆಸರು: ನಡಿಗಡ್ಡೆಯಿಂದ ಕನ್ಯಾಕುಮಾರಿಯವರೆಗೆ

ಶಾಲೆಯ ದಿನಗಳಲ್ಲಿ ಭೂಗೋಳದ ಪರೀಕ್ಷೆಗೆ ಒಂದು ಪ್ರಶ್ನೆ ಬಂದಿತ್ತು: ಆಫ್ರಿಕ ಖಂಡದ ದಕ್ಷಿಣದ ತುದಿ ಯಾವುದು? ಹಿಂದುಮುಂದು ನೋಡದೆ ಗುಡ್ ಹೋಪ್ ಭೂಶಿರ ಎಂದು ಬರೆದೆ. ಅಂಕವೂ ಸಿಕ್ಕಿತು. ಆ ಉತ್ತರ ತಪ್ಪೆಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅದಕ್ಕಿಂತ ದೊಡ್ಡ ಅಜ್ಞಾನ ಮತ್ತೊಂದಿತ್ತು. ಕಡಲಾಚೆಯ ಖಂಡದ ತುದಿಯ ಹೆಸರನ್ನು ಬಾಯಿಪಾಠ ಹೇಳುತ್ತಿದ್ದ ನನಗೆ, ನಮ್ಮೂರಿನಿಂದ ಒಂದು ದಿನದ ದಾರಿಯಲ್ಲಿ ಎರಡು ಹೊಳೆಗಳ ನಡುವೆ ಮೊನೆಯಾಗಿ ಮುಗಿಯುವ ನಮ್ಮದೇ ನೆಲದ ತುದಿಗೆ ಏನೆನ್ನುತ್ತಾರೆಂಬುದು ತಿಳಿದಿರಲಿಲ್ಲ. ಈ ಎರಡು ಅಜ್ಞಾನಗಳಿಗೂ ಸಂಬಂಧವಿದೆಯೆಂದು ಈಗ ಅನ್ನಿಸುತ್ತದೆ. ಆ ಸಂಬಂಧವನ್ನು ಇನ್ನೊಂದು ಗಡಿಯ ಬಂಧುಗಳಾದ ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲು ನಮ್ಮ ಸೀಮೆಯ ಪರಿಚಯ ಹೇಳಿಬಿಡುತ್ತೇನೆ. ಕಾಸರಗೋಡಿನ ಮನೆಗಳಲ್ಲಿ ನಾರಾಯಣಪೇಟೆ ಸೀರೆ, ಗದ್ವಾಲ ಸೀರೆ ಎಂಬ ಮಾತು ಕೇಳಿರುತ್ತೀರಿ. ಊರನ್ನು ಕಾಣದವರಿಗೂ ಊರಿನ ಹೆಸರು ಸೆರಗಿನ ಜೊತೆಗೆ ತಲುಪಿದೆ. ರಾಯಚೂರಿನಿಂದ ಹೈದರಾಬಾದಿನ ದಾರಿ ಹಿಡಿದು ಕೃಷ್ಣೆಯನ್ನು ದಾಟಿದರೆ ಮಕ್ತಲ್. ಅಲ್ಲಿಂದ ಉತ್ತರಕ್ಕೆ ನಾರಾಯಣಪೇಟೆ. ಮಕ್ತಲಿನಿಂದ ತೆಂಕಣ ಮೂಡಲಿಗೆ ಹೋಗಿ ಮತ್ತೆ ಹೊಳೆ ದಾಟಿದರೆ ಗದ್ವಾಲ. ಇಂದು ಇವೆಲ್ಲ ತೆಲಂಗಾಣಕ್ಕೆ ಸೇರಿದ ಊರುಗಳು. ಗದ್ವಾಲವು 2016ರಲ್ಲಿ ಜೋಗುಳಾಂಬಾ ದೇವಿಯ ಹೆಸರು ಹೊತ್ತ ಜಿಲ್ಲೆಯ ಕೇಂದ್ರವಾಯಿತು. ನಾರಾಯಣಪೇಟೆ 2019ರಲ್ಲಿ ಜಿಲ್ಲೆಯಾಯಿತು. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಅಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳೂ ಇವೆ. ನಿಮ್ಮ ಕಡೆ ತುಳು, ಮಲಯಾಳಗಳ ನಡುವೆ ಕನ್ನಡ ಹೇಗೆ ಬಾಳುತ್ತಿದೆಯೋ, ನಮ್ಮ ಕಡೆ ತೆಲುಗು, ಉರ್ದುಗಳ ನಡುವೆ ಹಾಗೆಯೇ ಬಾಳುತ್ತಿದೆ.

ನಮ್ಮಲ್ಲಿ ಕಡಲಿಲ್ಲ. ಆದರೆ ನೀರು ನೆಲವನ್ನು ಕತ್ತರಿಸಿ ಮೊನೆ ಮಾಡುವ ಕೆಲಸವನ್ನು ಹೊಳೆಯೂ ಮಾಡುತ್ತದೆ. ತಂಗಿಡಿಯ ಬಳಿ ಭೀಮೆ ಬಂದು ಕೃಷ್ಣೆಯನ್ನು ಸೇರುತ್ತದೆ. ಎರಡು ಪ್ರವಾಹಗಳ ನಡುವಿನ ನೆಲ ಸಣ್ಣಗಾಗುತ್ತ ಬಂದು ಅಲ್ಲಿ ನಾಲಗೆಯಂತೆ ಮುಗಿಯುತ್ತದೆ. ಮುಂದೆ ಕೃಷ್ಣೆ ಮೂಡಲಿಗೆ ಹರಿದು ಮಕ್ತಲ್ ಸೀಮೆಯಲ್ಲಿ ಒಂದು ನಡುಗಡ್ಡೆಯನ್ನು ಬಳಸಿ ಹೋಗುತ್ತದೆ. ಅದೇ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರ. ಕನ್ನಡ, ಮರಾಠಿ, ತೆಲುಗು ಮಾತನಾಡುವ ದತ್ತಭಕ್ತರು ಅಲ್ಲಿಗೆ ಹರಿಗೋಲಿನಲ್ಲಿ ದಾಟಿ ಹೋಗುವುದು ಹಿಂದಿನಿಂದ ಬಂದ ರೂಢಿ. ಆ ಹರಿಗೋಲಿಗೆ ನಮ್ಮ ಕಡೆ ಪುಟ್ಟಿ ಎನ್ನುತ್ತಾರೆ. ನಮ್ಮ ಅಜ್ಜಿ ಕುರುವಪುರ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. "ಗಡ್ಡಿಗಿ ಹೋಗಿ ಬರ್ತೀವಿ" ಎಂದಷ್ಟೇ ಅವಳ ಮಾತು. ಊರವರ ಬಾಯಲ್ಲಿ ಅದು ಕುರುಗಡ್ಡಿ.

ಈ ಕುರುಗಡ್ಡಿ ಎಂಬ ಹೆಸರನ್ನು ಸ್ವಲ್ಪ ಬಿಡಿಸಿ ನೋಡೋಣ. ಕುರುವ ಎಂದರೆ ಹಳೆಯ ಕನ್ನಡದಲ್ಲಿ ಹೊಳೆಯ ನಡುವಿನ ದಿಬ್ಬ. ಗಡ್ಡೆ ಎಂದರೂ ಅದೇ. ಮೊದಲ ಪದದ ಅರ್ಥ ಜನರ ನೆನಪಿನಿಂದ ಜಾರಿದ ಮೇಲೆ ಅದೇ ಅರ್ಥದ ಎರಡನೆಯ ಪದ ಬಂದು ಅಂಟಿಕೊಂಡಿರಬೇಕು. ಹೆಸರನ್ನು ಪುರಾಣದ ಕುರುವಿನ ಕಡೆಗೆ ಎಳೆಯುವವರೂ ಇದ್ದಾರೆ. ಭಕ್ತಿಗೆ ಅದು ಒಪ್ಪಿತವಾಗಬಹುದು. ಆದರೆ ಹೊಳೆಯ ದಂಡೆಯಲ್ಲಿ ನಿಂತವನಿಗೆ ಹೆಸರೇ ಸ್ಥಳದ ಚಿತ್ರ ಬರೆದು ತೋರಿಸುತ್ತದೆ. ನಿಮ್ಮಲ್ಲಿ ಇದಕ್ಕೆ ತುಳುವಿನಲ್ಲಿ ಕುದುರು ಎನ್ನುತ್ತೀರಿ, ಮಲಯಾಳದಲ್ಲಿ ತುರುತ್ತ್ ಎನ್ನುತ್ತಾರೆ. ನೀರಿನ ನಡುವೆ ನಿಂತ ನೆಲವನ್ನು ಕಂಡವರೆಲ್ಲ ಅದಕ್ಕೊಂದು ಹೆಸರಿಟ್ಟಿದ್ದಾರೆ. ಹೆಸರಿಡಲು ಅಲ್ಲಿ ಬಾಳಬೇಕಾಗಿತ್ತು, ಅಷ್ಟೆ.

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ದೊಡ್ಡ ನೆಲದ ಹೆಸರುಗಳು ಇನ್ನೂ ಸ್ವಾರಸ್ಯದವು. ಶಾಸನಗಳಲ್ಲಿ ಇದು ಎಡೆದೊರೆ ನಾಡು: ಎಡೆ ಎಂದರೆ ನಡುವೆ, ತೊರೆ ಎಂದರೆ ಹೊಳೆ. ಎರಡು ಸಾವಿರ ಎಂಬ ಸಂಖ್ಯೆಯನ್ನು ಸೇರಿಸಿ ಎಡೆದೊರೆ ಎರಡುಸಾವಿರ ಎಂದು ಕರೆಯುವುದೂ ಉಂಟು. ಹನ್ನೊಂದನೆಯ ಶತಮಾನದ ರಾಜೇಂದ್ರ ಚೋಳನ ತಮಿಳು ಪ್ರಶಸ್ತಿಗಳಲ್ಲಿ ಅವನು ಗೆದ್ದ ನಾಡುಗಳ ಪಟ್ಟಿಯೊಳಗೆ ಇದೇ ಹೆಸರು ಇಡೈತುರೈನಾಡು ಎಂದು ಬರುತ್ತದೆ. ಮುಂದೆ ಬಹಮನಿ ಸುಲ್ತಾನರಿಗೂ ವಿಜಯನಗರದವರಿಗೂ ಈ ನೆಲಕ್ಕಾಗಿ ಕಾದಾಟ ನಡೆದೇ ಇತ್ತು. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯ ಬಿಜಾಪುರದ ಆದಿಲಶಾಹಿ ಸೇನೆಯನ್ನು ಸೋಲಿಸಿದ್ದೂ ಇಲ್ಲಿಯೇ. ಚರಿತ್ರೆಯ ಪುಸ್ತಕಗಳು ಇದನ್ನು ರಾಯಚೂರು ದೋಆಬ್ ಎನ್ನುತ್ತವೆ. ದೋಆಬ್ ಪಾರಸಿಯ ಮಾತು, ಎರಡು ನೀರು ಎಂದು ಅರ್ಥ. ಅದರ ಮೂಡಣ ಭಾಗವಾದ ಗದ್ವಾಲ, ಆಲಂಪುರಗಳ ಸೀಮೆಯನ್ನು ತೆಲುಗಿನವರು ನಡಿಗಡ್ಡ ಎನ್ನುತ್ತಾರೆ. ಕನ್ನಡದ ನಡುಗಡ್ಡೆಗೂ ಅದಕ್ಕೂ ಇರುವ ನಂಟನ್ನು ಬೇರೆ ಹೇಳಬೇಕಿಲ್ಲ. ಒಂದೇ ನೆಲಕ್ಕೆ ಮೂರು ಭಾಷೆಗಳಲ್ಲಿ ಮೂರು ಹೆಸರು; ಮೂರೂ ಹೇಳುವುದು ಒಂದೇ ಮಾತು. ಇಲ್ಲಿ ಯಾರೂ ಇನ್ನೊಬ್ಬರ ಹೆಸರನ್ನು ಅಳಿಸಿರಲಿಲ್ಲ. ತಮ್ಮ ನುಡಿಯಲ್ಲಿ ಅದನ್ನೇ ಮತ್ತೊಮ್ಮೆ ಹೇಳಿದ್ದರು.

ನೆಲದ ಮೊನೆಗೆ ನಮ್ಮ ಪಠ್ಯಪುಸ್ತಕಗಳು ಭೂಶಿರ ಎಂಬ ಪದವನ್ನು ಬಳಸುತ್ತವೆ. ಇಂಗ್ಲಿಷಿನ ಕೇಪ್ ಎಂಬುದರ ಮೂಲ ತಲೆ ಎಂಬರ್ಥದ ಲ್ಯಾಟಿನ್ ಪದ. ಭೂಶಿರ ಎಂಬುದೂ ಅದೇ ತಲೆ. ಮಲಯಾಳಿಗಳು ಮಾತ್ರ ತಮ್ಮ ಮನೆಯ ಪದವನ್ನೇ ಉಳಿಸಿಕೊಂಡು ಮುನಂಬ್ ಎನ್ನುತ್ತಾರೆ. ಅವರ ಮುನ, ತಮಿಳರ ಮುನೈ, ನಮ್ಮ ಮೊನೆ ಒಂದೇ ಬೇರಿನವು. ಕತ್ತಿಗೂ ಮೊನೆ, ನೆಲಕ್ಕೂ ಮೊನೆ. ಕರಾವಳಿಯ ಕನ್ನಡಿಗರಲ್ಲೂ ತುಳುವರಲ್ಲೂ ಇಂಥ ಪದಗಳಿಗೆ ಬಡತನವಿಲ್ಲ: ತುದಿಗೆ ಕೊಡಿ, ಹೊಳೆ ಕಡಲು ಸೇರುವಲ್ಲಿ ಅಳಿವೆ, ಅಳಿವೆಯ ಬಳಿಯ ಮರಳ ನಾಲಗೆಗೆ ಬೆಂಗ್ರೆ.

ಇನ್ನು ಆಫ್ರಿಕದ ತುದಿಗೆ ಬರೋಣ. 1487ರಲ್ಲಿ ಲಿಸ್ಬನ್ನಿನಿಂದ ಹೊರಟ ಬಾರ್ತೊಲೊಮೆವು ದಿಯಾಸ್ ಬಿರುಗಾಳಿಗೆ ಸಿಕ್ಕಿ ತುದಿಯನ್ನು ಕಾಣದೆಯೇ ದಾಟಿದನು. 1488ರ ಫೆಬ್ರವರಿಯಲ್ಲಿ ಮೂಡಣ ಕರೆಯನ್ನು ಮುಟ್ಟಿದಾಗಲೇ ಖಂಡವನ್ನು ಸುತ್ತಿ ಬಂದುದು ಅವನಿಗೆ ಅರಿವಾದದ್ದು. ಭೂಶಿರವನ್ನು ಕಣ್ಣಾರೆ ಕಂಡದ್ದು ಮರಳುವ ದಾರಿಯಲ್ಲಿ. ಅವನು ಅದಕ್ಕೆ ಬಿರುಗಾಳಿಯ ಭೂಶಿರ ಎಂದು ಹೆಸರಿಟ್ಟನೆಂದೂ, ಇಂಡಿಯದ ದಾರಿ ತೆರೆಯಿತೆಂದು ಹಿಗ್ಗಿದ ಪೋರ್ಚುಗಲ್ಲಿನ ದೊರೆ ಎರಡನೆಯ ಜೊವಾವ್ ಅದನ್ನು ಒಳ್ಳೆಯ ಭರವಸೆಯ ಭೂಶಿರ ಎಂದು ಬದಲಿಸಿದನೆಂದೂ ಹದಿನಾರನೆಯ ಶತಮಾನದ ಇತಿಹಾಸಕಾರ ಜೊವಾವ್ ದ ಬರ್ರೋಸ್ ಬರೆದಿದ್ದಾನೆ. ಎರಡನೆಯ ಹೆಸರನ್ನೂ ದಿಯಾಸನೇ ಇಟ್ಟನೆನ್ನುವ ಹಳೆಯ ಹೇಳಿಕೆಯೂ ಇದೆ. ಯಾರೇ ಇಟ್ಟಿರಲಿ, ಆ ಭರವಸೆ ಅಲ್ಲಿ ಬಾಳುವವರದಲ್ಲ. ಮೆಣಸಿನ ನಾಡಿಗೆ ಹೊರಟ ಹಡಗಿನವರದು. ಹತ್ತು ವರ್ಷ ತುಂಬುವುದರೊಳಗೆ, 1498ರ ಮೇ ತಿಂಗಳಲ್ಲಿ, ವಾಸ್ಕೊ ದ ಗಾಮ ಅದೇ ದಾರಿಯಿಂದ ಕೋಳಿಕ್ಕೋಡಿಗೆ ಬಂದಿಳಿದನು.

ಆದರೆ ಆ ಪ್ರಸಿದ್ಧ ಹೆಸರಿನ ಜಾಗ ಖಂಡದ ತುದಿಯೇ ಅಲ್ಲ. ಅದು ಇರುವುದು ದಕ್ಷಿಣ ಅಕ್ಷಾಂಶ 34 ಡಿಗ್ರಿ 21 ಮಿನಿಟಿನಲ್ಲಿ. ಅಲ್ಲಿಂದ ತೆಂಕಣ ಮೂಡಲಿಗೆ ಸುಮಾರು 150 ಕಿಲೋಮೀಟರು ದೂರದಲ್ಲಿ, 34 ಡಿಗ್ರಿ 50 ಮಿನಿಟಿನಲ್ಲಿ, ಅಗುಲ್ಹಾಸ್ ಎಂಬ ಭೂಶಿರವಿದೆ. ಆಫ್ರಿಕದ ನೆಲ ನಿಜವಾಗಿ ಮುಗಿಯುವುದು ಅಲ್ಲಿ. ಅಗುಲ್ಹಾಸ್ ಎಂದರೆ ಪೋರ್ಚುಗೀಸಿನಲ್ಲಿ ಸೂಜಿಗಳು. ಸುಮಾರು 1500ರ ಹೊತ್ತಿಗೆ ಅಲ್ಲಿ ದಿಕ್ಸೂಚಿಯ ಸೂಜಿ ಅತ್ತಿತ್ತ ವಾಲದೆ ನೇರ ಉತ್ತರವನ್ನೇ ತೋರುತ್ತಿದ್ದುದರಿಂದ ನಾವಿಕರು ಹೀಗೆ ಕರೆದರೆಂದು ವಿವರಿಸುತ್ತಾರೆ. ಭೂಮಿಯ ಕಾಂತಶಕ್ತಿ ನಿಂತಲ್ಲಿ ನಿಲ್ಲುವುದಿಲ್ಲ. ಇಂದು ಅಲ್ಲಿ ಸೂಜಿ 20 ಡಿಗ್ರಿಗೂ ಮಿಕ್ಕಿ ಪಶ್ಚಿಮಕ್ಕೆ ವಾಲುತ್ತದೆ. ಹೆಸರು ಹುಟ್ಟಿದ ಕಾರಣ ಹೋಗಿದೆ, ಹೆಸರು ಉಳಿದಿದೆ. ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರಗಳ ಗಡಿಯೆಂದು ಜಲಮಾಪಕರು ಒಪ್ಪಿರುವುದೂ ಅಗುಲ್ಹಾಸನ್ನು ಹಾಯುವ 20 ಡಿಗ್ರಿ ಪೂರ್ವ ರೇಖಾಂಶವನ್ನೇ. ಮೂಡಣದಿಂದ ಬರುವ ಬಿಸಿನೀರಿನ ಪ್ರವಾಹ ಮತ್ತು ಪಡುವಣದ ತಣ್ಣೀರಿನ ಪ್ರವಾಹ ಆ ಗೆರೆಯನ್ನು ಕೇಳಿ ಹರಿಯುವುದಿಲ್ಲ. ಅವು ಕೂಡುವ ಜಾಗ ಋತುವಿಗೆ ತಕ್ಕಂತೆ ಆಚೀಚೆ ಸರಿಯುತ್ತದೆ.

ಇದು ಆಫ್ರಿಕದೊಂದರ ಕಥೆಯಲ್ಲ. ದಕ್ಷಿಣ ಅಮೆರಿಕದ ತುದಿಯೆಂದು ಎಲ್ಲರೂ ಹೇಳುವ ಹಾರ್ನ್ ಭೂಶಿರ ಒಂದು ದ್ವೀಪದ ಮೇಲಿದೆ. 1616ರಲ್ಲಿ ಅದನ್ನು ಸುತ್ತಿದ ಡಚ್ ನಾವಿಕರು ತಮ್ಮ ದೇಶದ ಹೋರ್ನ್ ಪಟ್ಟಣದ ಹೆಸರನ್ನು ಅದಕ್ಕಿಟ್ಟರು. ಆ ಖಂಡದ ಮುಖ್ಯ ನೆಲ ಮುಗಿಯುವುದು ಮೆಗೆಲನ್ ಜಲಸಂಧಿಯ ದಂಡೆಯ ಫ್ರೋವರ್ಡ್ ಭೂಶಿರದಲ್ಲಿ. ಕನ್ಯಾಕುಮಾರಿಯನ್ನೇ ತೆಗೆದುಕೊಳ್ಳಿ. ಭಾರತದ ಮುಖ್ಯ ಭೂಭಾಗದ ತುದಿ ಅದು, ನಿಜ. ಆದರೆ ದೇಶದ ದಕ್ಷಿಣದ ಕೊನೆ ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್. ಏಷ್ಯಾ ಖಂಡದ ಮುಖ್ಯ ನೆಲದ ಕೊನೆ ಮಲೇಷ್ಯದ ತಂಜುಂಗ್ ಪಿಯಾಯ್. ಹೆಸರಾದ ತುದಿಯೇ ಬೇರೆ, ನೆಲದ ತುದಿಯೇ ಬೇರೆ. ದಾರಿಹೋಕನಿಗೆ ಎಲ್ಲಿ ತಿರುವು ಸಿಕ್ಕಿತೋ ಅಲ್ಲಿ ಅವನ ಹೆಸರು ಅಂಟಿತು.

ಹಾಗಾದರೆ ಅಲ್ಲಿ ಬಾಳುತ್ತಿದ್ದವರ ಹೆಸರುಗಳು ಏನಾದವು? ಆಫ್ರಿಕದ ಆ ಮೂಲೆಯಲ್ಲಿ ಖೊಯ್‌ಖೊಯ್ ಜನರು ದನಕುರಿಗಳನ್ನು ಮೇಯಿಸಿಕೊಂಡಿದ್ದರು. ಕೇಪ್ ಟೌನಿನ ನೆತ್ತಿಯ ಮೇಲಿನ ಮೇಜಿನಂಥ ಬೆಟ್ಟವನ್ನು ಅವರು ಕಡಲೊಳಗಿನ ಬೆಟ್ಟ ಎಂಬರ್ಥದಲ್ಲಿ ಹೊರಿಕ್ವಾಗ್ಗೊ ಎನ್ನುತ್ತಿದ್ದರೆಂದು ಹೇಳುತ್ತಾರೆ. 1652ರಲ್ಲಿ ಡಚ್ ಕಂಪನಿ ಅಲ್ಲಿ ನೆಲೆಯೂರಿತು. ಮುಂದಿನ ತಲೆಮಾರುಗಳಲ್ಲಿ ಅವರ ಹುಲ್ಲುಗಾವಲು ಹೋಯಿತು, ಸಿಡುಬು ಬಂದು ಜನರು ಸತ್ತರು, ಉಳಿದವರು ಒಕ್ಕಲುಗಳಲ್ಲಿ ಆಳುಗಳಾಗಿ ಯಜಮಾನರ ಮಾತನ್ನೇ ಆಡತೊಡಗಿದರು. ಕೇಪಿನ ಸುತ್ತಣ ಅವರ ನುಡಿಗಳು ಬಾಯಿಂದ ಮರೆಯಾದವು, ನುಡಿಯ ಜೊತೆ ಹೆಸರುಗಳೂ ಹೋದವು. ನಕ್ಷೆ ಬರೆದವರು ಅವನ್ನು ಅಳಿಸಬೇಕಾಗಿಯೇ ಇರಲಿಲ್ಲ.

ಇದಕ್ಕೆ ಎದುರಾಗಿ ಕನ್ಯಾಕುಮಾರಿಯನ್ನು ನೋಡಿ. ಸುಮಾರು ಒಂದನೆಯ ಶತಮಾನದಲ್ಲಿ ಹೆಸರು ತಿಳಿಯದ ಗ್ರೀಕ್ ವರ್ತಕನೊಬ್ಬ ಬರೆದ ಪೆರಿಪ್ಲಸ್ ಎಂಬ ಕಡಲದಾರಿಯ ಕೈಪಿಡಿಯಲ್ಲಿ ಕೊಮಾರಿ ಎಂಬ ಹೆಸರು ಬರುತ್ತದೆ. ಅಲ್ಲಿ ಸ್ತ್ರೀಪುರುಷರು ಮಿಂದು ಬ್ರಹ್ಮಚರ್ಯದಲ್ಲಿ ಇರುತ್ತಾರೆಂದೂ, ಹಿಂದೊಮ್ಮೆ ದೇವಿಯೊಬ್ಬಳು ಅಲ್ಲಿ ನೆಲೆಸಿ ಮೀಯುತ್ತಿದ್ದಳೆಂದು ಹೇಳುತ್ತಾರೆಂದೂ ಅವನು ಬರೆದಿದ್ದಾನೆ. ಎರಡನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲಿಯೂ ಅದೇ ಹೆಸರಿದೆ. ಪೋರ್ಚುಗೀಸರು ಬಂದು ಕೊಮೊರಿಂ ಎಂದರು, ಇಂಗ್ಲಿಷರು ಕೊಮೊರಿನ್ ಎಂದರು. ಬಂದವರೆಲ್ಲರ ನಾಲಗೆಯ ಮೇಲೆ ಅವಳ ಹೆಸರು ಹೊರಳಿತೇ ಹೊರತು ಉರುಳಿಹೋಗಲಿಲ್ಲ. ಕಾರಣ ಸರಳ. ದಾರಿಹೋಕರು ಬರುವಾಗಲೂ ಹೋದ ಮೇಲೂ ಅಲ್ಲಿ ದಿನವೂ ಆ ಹೆಸರನ್ನು ಕೂಗುವವರಿದ್ದರು.

ನಿಮಗೆ ಇನ್ನೂ ಹತ್ತಿರದ ಏಳಿಮಲೆಯ ಕಥೆಯೂ ಇಲ್ಲಿ ನೆನಪಾಗುತ್ತದೆ. ಪಯ್ಯನ್ನೂರಿನ ಬಳಿ ಕಡಲಿಗೆ ಚಾಚಿ ನಿಂತ ಆ ಬೆಟ್ಟ ದೂರದ ಹಡಗಿಗೂ ಕಾಣುವ ಗುರುತು. ಮಾರ್ಕೊ ಪೋಲೊ ಅದನ್ನು ಎಲಿ ಎಂದ, ಇಬ್ನ್ ಬತೂತ ಹೀಲಿ ಎಂದ, ಇಂಗ್ಲಿಷರ ನಕ್ಷೆಗಳಲ್ಲಿ ಅದು ಮೌಂಟ್ ಡೆಲ್ಲಿ ಆಯಿತು. ಮಲಯಾಳದಲ್ಲಿ ಎಲಿ ಎಂದರೆ ನಮ್ಮ ಇಲಿ. ಅಲ್ಲಿ ಆಳಿದ ಅರಸು ಮನೆತನವನ್ನು ಸಂಸ್ಕೃತದಲ್ಲಿ ಮೂಷಕವಂಶ ಎಂದು ಕರೆದು, ಅತುಲನೆಂಬ ಕವಿ ಆ ಹೆಸರಿನ ಕಾವ್ಯವನ್ನೂ ಬರೆದ. ಏಳು ಎಂದು ಬಿಡಿಸಿದವರಿಗೆ ಅದೇ ಬೆಟ್ಟ ಸಪ್ತಶೈಲವಾಯಿತು. ಇಲಿಯೋ ಏಳೋ ಎಂಬ ಚರ್ಚೆ ಪಂಡಿತರಿಗಿರಲಿ. ಎಷ್ಟು ಬಗೆಯಲ್ಲಿ ಬಿಡಿಸಿದರೂ ಮೂಲದ ನಾದ ಕಳೆದುಹೋಗಲಿಲ್ಲ ಎಂಬುದನ್ನಷ್ಟೇ ಗಮನಿಸಬೇಕು. ಹಾಗೆಯೇ 1498ರಲ್ಲಿ ಗಾಮನ ಹಡಗಿನವರು ನಮ್ಮ ಕರೆಯ ದ್ವೀಪವೊಂದರಲ್ಲಿ ಕಲ್ಲಿನ ಕಂಬ ನೆಟ್ಟು ಸಾಂತ ಮರಿಯ ಎಂದು ಹೆಸರಿಟ್ಟರು. ಮಲ್ಪೆಯ ಎದುರಿನ ದ್ವೀಪಗಳನ್ನು ಇಂದಿಗೂ ಸೇಂಟ್ ಮೇರಿ ಎಂದು ಕರೆಯುವುದು ಅದರಿಂದಲೇ. ಅವಕ್ಕೆ ತೋನ್ಸೆಪಾರ್ ಎಂಬ ಊರಿನ ಹೆಸರೂ ಇದೆಯೆಂದು ಪ್ರವಾಸಿಗಳಲ್ಲಿ ಎಷ್ಟು ಜನ ಬಲ್ಲರು?

ಇಲ್ಲಿಂದ ನಮ್ಮಿಬ್ಬರ ಗಡಿಗಳಿಗೆ ಬರೋಣ. 1956ರ ರಾಜ್ಯ ಪುನರ್ವಿಂಗಡಣೆಯ ಕಾಯಿದೆಯಲ್ಲಿ ಕೆಲವೇ ಸಾಲುಗಳಲ್ಲಿ ನಮ್ಮ ನೆಲದ ಹಣೆಬರಹವಿದೆ. ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಕನ್ಯಾಕುಮಾರಿಯಿರುವ ಅಗಸ್ತ್ಯೇಶ್ವರಂ ತಾಲೂಕು ಅದರ ನೆರೆಯ ತಾಲೂಕುಗಳೊಡನೆ ತಿರುವಿದಾಂಕೂರು-ಕೊಚ್ಚಿ ರಾಜ್ಯದಿಂದ ಮದರಾಸಿಗೆ ಹೋಯಿತು. ಮೂರಕ್ಕೂ ಒಂದೇ ಕಾಯಿದೆ, ಒಂದೇ ದಿನ: ನವೆಂಬರ್ 1. ದೇಶದ ಮೊನೆಯೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಿಯಿತು. ಎಡೆದೊರೆ ನಾಡಿನ ಮೂಡಣ ಕೊನೆ ಮುರಿದು ಆಚೆಗೆ ಹೋಯಿತು. ಹೊಳೆಗಳು ಮಾತ್ರ ಹಿಂದಿನಂತೆ ಹರಿದವು.

ನಾನು ಮೊದಲಲ್ಲಿ ಹೇಳಿದ ನಮ್ಮ ನೆಲದ ತುದಿ ಇರುವುದು ಆ ಮೂಡಣ ಕೊನೆಯಲ್ಲಿ. ಕೃಷ್ಣೆಗೆ ತುಂಗಭದ್ರೆ ಬಂದು ಸೇರುವ ಆ ಮೊನೆಯ ಊರು ಕೂಡವೆಲ್ಲಿ. ಕೂಡು ಎಂಬ ಮಾತು ಹೆಸರಿನಲ್ಲೇ ಕೇಳಿಸುತ್ತದೆ. ತುಂಗೆ ಭದ್ರೆಗಳು ಸೇರುವಲ್ಲಿ ಕೂಡಲಿ, ಕೃಷ್ಣೆ ಮಲಪ್ರಭೆಗಳು ಸೇರುವಲ್ಲಿ ಕೂಡಲಸಂಗಮ, ಇಲ್ಲಿ ಕೂಡವೆಲ್ಲಿ. ಅಲ್ಲಿ ಬಾದಾಮಿ ಚಾಲುಕ್ಯರ ಕಾಲದ ಸಂಗಮೇಶ್ವರ ದೇವಾಲಯವಿತ್ತು. ಶ್ರೀಶೈಲ ಜಲಾಶಯದ ಹಿನ್ನೀರು ಏರುವುದೆಂದಾದಾಗ ಗುಡಿಯ ಕಲ್ಲುಗಳನ್ನು ಬಿಚ್ಚಿ ತಂದು ಆಲಂಪುರದಲ್ಲಿ ಮತ್ತೆ ಕಟ್ಟಿದರು. ಹಳೆಯ ಕೂಡವೆಲ್ಲಿ ನೀರಿನಲ್ಲಿ ಮುಳುಗಿತು. ಈಗ ನಡಿಗಡ್ಡೆಯ ತುದಿ ವರ್ಷವಿಡೀ ಒಂದೇ ಕಡೆ ಇರುವುದಿಲ್ಲ. ಮಳೆಗಾಲದಲ್ಲಿ ಹಿಂದೆ ಸರಿಯುತ್ತದೆ, ಬೇಸಗೆಯಲ್ಲಿ ನೀರಿಳಿದಾಗ ಮುಂದೆ ಚಾಚುತ್ತದೆ. ಆಲಂಪುರದಲ್ಲಿ ನವಬ್ರಹ್ಮ ದೇವಾಲಯಗಳನ್ನೂ ಅಲ್ಲಿಯ ಕನ್ನಡ ಶಾಸನಗಳನ್ನೂ ನೋಡಲು ಹೋದಾಗ ಈ ಸಂಗಮೇಶ್ವರನ ಮುಂದೆ ನಿಂತಿದ್ದೆ. ಸುತ್ತ ಎಲ್ಲಿಯೂ ಸಂಗಮವಿರಲಿಲ್ಲ. ಅರ್ಚಕರನ್ನು ಕೇಳಿದೆ, ಅವರು ಕೂಡವೆಲ್ಲಿ ಎಂದರು. ನನ್ನ ನೆಲದ ತುದಿಯ ಹೆಸರನ್ನು ನಾನು ಕಲಿತದ್ದು ಹಾಗೆ, ಆ ತುದಿ ಮುಳುಗಿದ ಮೇಲೆ, ಒಬ್ಬರ ಬಾಯಿಂದ.

2021ರ ಜೂನಿನಲ್ಲಿ ಕಾಸರಗೋಡಿನ ಗಡಿಹಳ್ಳಿಗಳ ಕನ್ನಡ ಹೆಸರುಗಳನ್ನು ಮಲಯಾಳಕ್ಕೆ ತಿರುಗಿಸುತ್ತಾರೆಂಬ ಸುದ್ದಿ ಹಬ್ಬಿದುದು ನಿಮಗೆ ನೆನಪಿರಬಹುದು. ಕರ್ನಾಟಕದಿಂದ ಪತ್ರಗಳು ಹೋದವು. ಅಂಥ ಆಲೋಚನೆಯೇ ಇಲ್ಲವೆಂದು ಕೇರಳದ ಮುಖ್ಯಮಂತ್ರಿಗಳು ತಿಳಿಸಿದರು. ಸಮಾಧಾನವಾಯಿತು. ಫಲಕದ ಮೇಲಿನ ಹೆಸರಿಗಾಗಿ ದನಿಯೆತ್ತುವುದು ನ್ಯಾಯವೇ, ಅದನ್ನು ಬಿಡಬಾರದು. ಆದರೆ ಫಲಕ ಉಳಿದ ಮಾತ್ರಕ್ಕೆ ಹೆಸರು ಉಳಿಯಿತೆಂದು ನಾವು ತಿಳಿದರೆ ಅದೂ ಗುಡ್ ಹೋಪನ್ನೇ ತುದಿಯೆಂದು ಬರೆದ ಹುಡುಗನ ಉತ್ತರವಾಗುತ್ತದೆ. ಖೊಯ್‌ಖೊಯ್‌ಗಳ ಹೆಸರು ಹೋದದ್ದು ಫಲಕದಿಂದಲ್ಲ. ಕುಮಾರಿಯ ಹೆಸರು ಉಳಿದದ್ದೂ ಫಲಕದಿಂದಲ್ಲ.

ನಮ್ಮ ಮನೆಗಳಲ್ಲಿ ಮಕ್ಕಳು ಶಾಲೆಯಲ್ಲಿ ಯಾವ ಮಾಧ್ಯಮದಲ್ಲೇ ಓದಲಿ, ನಮ್ಮ ಹೊಲಕ್ಕೆ, ಹಳ್ಳಕ್ಕೆ, ದಿಬ್ಬಕ್ಕೆ, ದಡಕ್ಕೆ ಹಿರಿಯರು ಏನೆನ್ನುತ್ತಿದ್ದರು, ಏಕೆ ಹಾಗೆನ್ನುತ್ತಿದ್ದರು ಎಂಬುದನ್ನು ಒಮ್ಮೆ ಕೂಡಿಸಿಕೊಂಡು ಹೇಳೋಣ. ಹಾಳೆಯೊಂದರ ಮೇಲೆ ಬರೆಸೋಣ. ನೆರೆಯವರ ಭಾಷೆಯಲ್ಲಿ ಅದಕ್ಕೇನೆನ್ನುತ್ತಾರೆಂಬುದನ್ನೂ ಪಕ್ಕದಲ್ಲೇ ಬರೆಸೋಣ. ಕುದುರಿನ ಪಕ್ಕದಲ್ಲಿ ತುರುತ್ತ್ ಇರಲಿ, ನಡುಗಡ್ಡೆಯ ಪಕ್ಕದಲ್ಲಿ ನಡಿಗಡ್ಡ ಇರಲಿ. ಎರಡು ಹೆಸರಿರುವುದು ನೆಲಕ್ಕೆ ಭಾರವಲ್ಲ.

ಈಚೆಗೆ ಮನೆಯ ಮೊಮ್ಮಗಳಿಗೆ ನಕ್ಷೆ ತೋರಿಸುತ್ತ ಆಫ್ರಿಕದ ತುದಿ ಯಾವುದೆಂದು ಕೇಳಿದೆ. ಗುಡ್ ಹೋಪ್ ಎಂದಳು. ಅಗುಲ್ಹಾಸನ್ನು ತೋರಿಸಿದೆ. ಆಮೇಲೆ ಬೆರಳನ್ನು ಕೃಷ್ಣೆಯ ಮೇಲಿಟ್ಟು ಕೆಳಕ್ಕೆ ತಂದು, ಎರಡು ನೀಲಿ ಗೆರೆಗಳು ಕೂಡುವಲ್ಲಿ ನಿಲ್ಲಿಸಿ, ಇಲ್ಲಿ ಏನೂ ಬರೆದಿಲ್ಲವಲ್ಲ ಎಂದಳು. ಪೆನ್ಸಿಲು ಕೊಟ್ಟೆ. ಕೂಡವೆಲ್ಲಿ ಎಂದು ಬರೆದಳು.